ಗೆದ್ದ ಮೇಲೂ ಯಾಕೆ ಕಾಯಬೇಕು ಸೈನಿಕ?

2013ರ ಜುಲೈ 2. ಸುಪ್ರೀಂ ಕೋರ್ಟ್‌ನಲ್ಲಿ ಒಂದು ತೀರ್ಪು ಬಂತು. ದೇಶವೇ ಎದ್ದು ಕೂರುವಂಥ ಕೇಸೇನೂ ಅಲ್ಲ. ಹಗರಣ ಇಲ್ಲ, ಮಂತ್ರಿ ಇಲ್ಲ, ಕೋಟಿಗಟ್ಟಲೆ ದುಡ್ಡೂ ಇಲ್ಲ. ಇದ್ದದ್ದು ಒಬ್ಬ ಸಿಪಾಯಿ ಮತ್ತು ಅವರ ಅಂಗವೈಕಲ್ಯ ಪಿಂಚಣಿ. ಹೆಸರು ಧರಮ್‌ವೀರ್ ಸಿಂಗ್. ಎದುರಾಳಿ ಯಾರು ಗೊತ್ತಾ? ಭಾರತ ಸರ್ಕಾರ. ಯಾವ ಸರ್ಕಾರದ ಸಮವಸ್ತ್ರ ಹಾಕಿಕೊಂಡು ದುಡಿದರೋ, ಅದೇ ಸರ್ಕಾರ.

ಧರಮ್‌ವೀರ್ ಸಿಂಗ್ ಸೇನೆಯ ಕೋರ್ ಆಫ್ ಸಿಗ್ನಲ್ಸ್‌ಗೆ ಸೇರಿದ್ದು 1985ರ ಜೂನ್‌ನಲ್ಲಿ. ಸುಮಾರು ಒಂಬತ್ತು ವರ್ಷ ಸೇವೆ ಮಾಡಿದರು. ಆಮೇಲೆ ಅಪಸ್ಮಾರ ಬಂತು, ನಾವು ಮೂರ್ಛೆರೋಗ ಅಂತೀವಲ್ಲ, ಅದು. ಮೆಡಿಕಲ್ ಬೋರ್ಡ್ ಕೂತು ಶೇಕಡಾ 20ರಷ್ಟು ಶಾಶ್ವತ ಅಂಗವೈಕಲ್ಯ ಅಂತ ಬರೆಯಿತು. 1994ರ ಏಪ್ರಿಲ್ 1ಕ್ಕೆ ಮನೆಗೆ ಕಳಿಸಿದರು. ಕಳಿಸುವಾಗ ಇನ್ನೊಂದು ಸಾಲು ಸೇರಿಸಿದ್ದರು. ಈ ರೋಗಕ್ಕೂ ಸೇನಾ ಸೇವೆಗೂ ಸಂಬಂಧವಿಲ್ಲ ಅಂತ. ಆ ಒಂದು ಸಾಲು ಅವರ ಮುಂದಿನ ಹತ್ತೊಂಬತ್ತು ವರ್ಷವನ್ನು ತಿಂದು ಹಾಕಿತು.

ಪಿಂಚಣಿ ಅರ್ಜಿ ತಿರಸ್ಕೃತವಾಯಿತು. ಇಲಾಖೆಯೊಳಗಿನ ಮೇಲ್ಮನವಿಯೂ ಫಲ ಕೊಡಲಿಲ್ಲ. ಹಿಮಾಚಲ ಪ್ರದೇಶ ಹೈಕೋರ್ಟ್‌ಗೆ ಹೋದರು. 2004ರಲ್ಲಿ ಏಕಸದಸ್ಯ ಪೀಠ ಪಿಂಚಣಿ ಕೊಡಿ ಅಂತ ಆದೇಶ ಮಾಡಿತು. ಗೆದ್ದರು! ಆದರೆ ಸರ್ಕಾರ ಅದೇ ಹೈಕೋರ್ಟ್‌ನ ವಿಭಾಗೀಯ ಪೀಠಕ್ಕೆ ಹೋಯಿತು. ಐದು ವರ್ಷದ ನಂತರ, 2009ರಲ್ಲಿ, ಗೆಲುವು ಕೈಜಾರಿತು. ಅಲ್ಲಿಂದ ಸುಪ್ರೀಂ ಕೋರ್ಟ್. 2013ರಲ್ಲಿ ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ನ್ಯಾಯಮೂರ್ತಿ ಎಸ್.ಜೆ. ಮುಖ್ಯೋಪಾಧ್ಯಾಯ ಅವರ ಪೀಠ ಧರಮ್‌ವೀರ್ ಸಿಂಗ್ ಪರ ತೀರ್ಪು ಕೊಟ್ಟಿತು.

ಆ ತೀರ್ಪನ್ನು ನಾನು ಕೊನೆಯವರೆಗೂ ಓದಿದ್ದೇನೆ. ಕಾನೂನಿನ ವಿವರಣೆ ಅದ್ಭುತವಾಗಿದೆ, ಅದಕ್ಕೆ ಬರ್ತೀನಿ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಕಟ್ಟಕಡೆಯ ಸಾಲು. ಏಕಸದಸ್ಯ ಪೀಠ ಹೇಳಿದ್ದ ಸೌಲಭ್ಯವನ್ನು, ಇನ್ನೂ ಕೊಟ್ಟಿಲ್ಲ ಅಂತಾದರೆ, ಮೂರು ತಿಂಗಳಲ್ಲಿ ಕೊಡಿ, ಇಲ್ಲದಿದ್ದರೆ ಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ ಅನ್ನುವುದು ಅದರ ಸಾರಾಂಶ. ದೇಶದ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟ ಮೇಲೂ ಗಡುವು ಹಾಕಬೇಕು, ಬಡ್ಡಿಯ ಎಚ್ಚರಿಕೆ ಕೊಡಬೇಕು. ಯಾಕೆ? ಯಾಕಂದ್ರೆ ಈ ದೇಶದಲ್ಲಿ ಕೇಸು ಗೆಲ್ಲೋದು ಬೇರೆ, ಹಣ ಕೈಗೆ ಬರೋದು ಬೇರೆ ಅನ್ನೋದು ನ್ಯಾಯಮೂರ್ತಿಗಳಿಗೂ ಗೊತ್ತು.

ಇವತ್ತು ನಾನು ಹೇಳಹೊರಟಿರೋದು ಆ ಎರಡರ ನಡುವಿನ ಇತಿಹಾಸ. ಅರ್ಜಿ ಹಾಕಿ ಕಾಯುವುದರ ಕಥೆ ಎಲ್ಲರಿಗೂ ಗೊತ್ತು. ಗೆದ್ದು ಕಾಯುವುದರ ಕಥೆಯನ್ನು ಯಾರೂ ಹೇಳಲ್ಲ.

ಮೊದಲು ಆಗಿನ ಕಾನೂನು ಏನು ಹೇಳುತ್ತಿತ್ತು ನೋಡೋಣ. ಸೈನಿಕರ ಅಂಗವೈಕಲ್ಯ ಪಿಂಚಣಿಗೆ 1961ರ ಸೇನಾ ಪಿಂಚಣಿ ನಿಯಮಾವಳಿ ಇತ್ತು. ಅದರ ಜೊತೆಗೆ 1982ರ ಅರ್ಹತಾ ನಿಯಮಗಳು. ಇವುಗಳ ತಿರುಳು ತುಂಬಾ ಸರಳ. ಒಬ್ಬ ಹುಡುಗನನ್ನು ಸೇನೆಗೆ ಸೇರಿಸಿಕೊಳ್ಳುವಾಗ ವೈದ್ಯರು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡ್ತಾರೆ. ಆಗ ಯಾವ ರೋಗವನ್ನೂ ಬರೆದುಕೊಂಡಿಲ್ಲ ಅಂದ್ರೆ ಅವನು ಆರೋಗ್ಯವಂತನಾಗಿಯೇ ಒಳಗೆ ಬಂದ ಅಂತ ಅರ್ಥ. ಆಮೇಲೆ ಆರೋಗ್ಯ ಕೆಟ್ಟು ಮನೆಗೆ ಕಳಿಸಬೇಕಾಗಿ ಬಂದರೆ, ಅದು ಸೇವೆಯಿಂದಲೇ ಆಗಿದ್ದು ಅಂತ ಭಾವಿಸಬೇಕು. ಅಲ್ಲ ಅನ್ನುವುದಾದರೆ ಸಾಬೀತು ಮಾಡಬೇಕಾದ್ದು ಸರ್ಕಾರ, ಸೈನಿಕ ಅಲ್ಲ. ಅನುಮಾನ ಇದ್ದರೆ ಅದರ ಲಾಭ ಸೈನಿಕನಿಗೆ.

ಧರಮ್‌ವೀರ್ ಸಿಂಗ್ ಅವರ ವಿಷಯದಲ್ಲಿ ಆಗಿದ್ದೇನು? ಸೇರುವಾಗಿನ ದಾಖಲೆಯಲ್ಲಿ ರೋಗದ ಉಲ್ಲೇಖವೇ ಇಲ್ಲ. ಮೆಡಿಕಲ್ ಬೋರ್ಡ್ ಸಂಬಂಧವಿಲ್ಲ ಅಂತ ಬರೆಯಿತೇ ಹೊರತು ಯಾಕೆ ಅನ್ನುವುದಕ್ಕೆ ಕಾರಣ ಕೊಡಲಿಲ್ಲ. ಪಿಂಚಣಿ ಮಂಜೂರು ಮಾಡುವವರು ಅದನ್ನು ಗಮನಿಸದೆ ತಲೆಯಾಡಿಸಿದರು. ಸುಪ್ರೀಂ ಕೋರ್ಟ್ ಹಿಡಿದದ್ದು ಇದನ್ನೇ. ಅಂದರೆ ಸುಪ್ರೀಂ ಕೋರ್ಟ್ ಹೊಸ ಹಕ್ಕನ್ನೇನೂ ಸೃಷ್ಟಿಸಲಿಲ್ಲ. ಸರ್ಕಾರವೇ 1982ರಲ್ಲಿ ಬರೆದಿಟ್ಟ ನಿಯಮವನ್ನು ಸರ್ಕಾರಕ್ಕೇ ಓದಿ ಹೇಳಿತು, ಅಷ್ಟೇ.

ಇನ್ನು ಹಣ. ಎಷ್ಟು ದೊಡ್ಡ ಮೊತ್ತಕ್ಕೆ ಈ ಹೋರಾಟ ಅಂತ ನೀವು ಕೇಳಬಹುದು. ಲೆಕ್ಕ ಹಾಕೋಣ. ಸೇವೆ ಮಾಡಿದ್ದಕ್ಕೆ ಬರುವ ಭಾಗ ಬೇರೆ, ಅಂಗವೈಕಲ್ಯಕ್ಕೆ ಬರುವ ಭಾಗ ಬೇರೆ. ಆರನೇ ವೇತನ ಆಯೋಗದ ನಂತರದ ಸೂತ್ರ ಹೀಗಿದೆ: ಅಂಗವೈಕಲ್ಯ ಶೇಕಡಾ 100 ಇದ್ದರೆ ಕೊನೆಯ ಸಂಬಳದ ಶೇಕಡಾ 30. ಅಂಗವೈಕಲ್ಯ ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ ಕಡಿಮೆ. ಉದಾಹರಣೆಗೆ ಕೊನೆಯ ಸಂಬಳ 40,000 ರೂಪಾಯಿ ಅಂದುಕೊಳ್ಳಿ. ಶೇಕಡಾ 100ಕ್ಕೆ 12,000. ಶೇಕಡಾ 20ಕ್ಕೆ 2,400. ಅದರ ಮೇಲೆ ತುಟ್ಟಿಭತ್ಯೆ. ತಿಂಗಳಿಗೆ 2,400 ರೂಪಾಯಿ! ಇಷ್ಟು ಹಣ ಕೊಡಲ್ಲ ಅಂತ ಕೇಂದ್ರ ಸರ್ಕಾರ ತನ್ನ ವಕೀಲರನ್ನು ಸುಪ್ರೀಂ ಕೋರ್ಟ್‌ವರೆಗೆ ಕಳಿಸುತ್ತೆ. ಆ ವಕೀಲರ ಒಂದು ದಿನದ ಶುಲ್ಕ ಎಷ್ಟಿರಬಹುದು, ನೀವೇ ಯೋಚಿಸಿ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಶೇಕಡಾ 20 ಅಂದರೆ ನಿಜಕ್ಕೂ 20ಏನಾ, 22ಆ, 30ಆ? ಮನುಷ್ಯನ ದೇಹವನ್ನು ಅಷ್ಟು ಕರಾರುವಾಕ್ಕಾಗಿ ಯಾರು ಅಳೀತಾರೆ? ಐದನೇ ವೇತನ ಆಯೋಗ ಇದಕ್ಕೆ ಒಳ್ಳೆಯ ಪರಿಹಾರ ಹೇಳಿತು. ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ 50 ಅಂತ ತಗೊಳ್ಳಿ, 50ರಿಂದ 75ರವರೆಗೆ ಇದ್ದರೆ 75, ಅದಕ್ಕಿಂತ ಹೆಚ್ಚಿದ್ದರೆ 100. ಸರ್ಕಾರ ಒಪ್ಪಿಕೊಂಡಿತು. 2001ರ ಜನವರಿ 31ರ ಪತ್ರದ ಮೂಲಕ, 1996ರ ಜನವರಿ 1ರಿಂದ ಜಾರಿ ಅಂತ ಹೇಳಿತು. ನಮ್ಮ ಉದಾಹರಣೆಯ ಸೈನಿಕನಿಗೆ 2,400 ಇದ್ದದ್ದು 6,000 ಆಗುತ್ತೆ. ಒಂದು ಮನೆಯ ಔಷಧಿ ಖರ್ಚಿಗೆ ಇದು ದೊಡ್ಡ ವ್ಯತ್ಯಾಸ.

ಆದರೆ ಸರ್ಕಾರ ಒಂದು ಗೆರೆ ಎಳೆಯಿತು. ಕಾಯಿಲೆಯ ಕಾರಣಕ್ಕೆ ಅರ್ಧದಲ್ಲೇ ಸೇವೆಯಿಂದ ಕಳಿಸಿದವರಿಗೆ ಮಾತ್ರ ಈ ಸೌಲಭ್ಯ. ಅಂಗವೈಕಲ್ಯ ಇಟ್ಟುಕೊಂಡೇ ಹಲ್ಲುಕಚ್ಚಿ ಪೂರ್ತಿ ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ! ಏನಿದರ ಅರ್ಥ? ನೋವು ನುಂಗಿಕೊಂಡು ಕೊನೆಯವರೆಗೆ ದುಡಿದದ್ದೇ ತಪ್ಪಾಯ್ತಾ? ಸೈನಿಕರು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದರು.

ಅಷ್ಟರಲ್ಲಿ ಒಂದು ಹೊಸ ಕೋರ್ಟ್ ಹುಟ್ಟಿತ್ತು. 2007ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ ಬಂತು. 2009ರ ಆಗಸ್ಟ್‌ನಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು. ದೆಹಲಿಯಲ್ಲಿ ಪ್ರಧಾನ ಪೀಠ, ಚಂಡೀಗಢ, ಲಖನೌ, ಚೆನ್ನೈ, ಕೊಚ್ಚಿ ಮುಂತಾದ ಕಡೆ ಪ್ರಾದೇಶಿಕ ಪೀಠಗಳು. ಹೈಕೋರ್ಟ್‌ಗಳಲ್ಲಿ ವರ್ಷಗಟ್ಟಲೆ ಕೊಳೆಯೋದು ಬೇಡ, ಸೈನಿಕರಿಗೆ ಬೇಗ, ಕಡಿಮೆ ಖರ್ಚಿನಲ್ಲಿ ನ್ಯಾಯ ಸಿಗಲಿ ಅನ್ನೋದು ಉದ್ದೇಶ. ಪೀಠದಲ್ಲಿ ಒಬ್ಬ ನ್ಯಾಯಾಧೀಶರು, ಪಕ್ಕದಲ್ಲಿ ಸೇನೆಯ ಒಬ್ಬ ನಿವೃತ್ತ ಹಿರಿಯ ಅಧಿಕಾರಿ. ಒಳ್ಳೆಯ ಕಲ್ಪನೆಯೇ. ಸೈನಿಕರು ಗೆಲ್ಲಲು ಶುರು ಮಾಡಿದರು, ಸಾಲುಸಾಲಾಗಿ ಗೆದ್ದರು.

ಆಗ ಸರ್ಕಾರ ಏನು ಮಾಡಿತು? ಒಂದೊಂದೇ ಆದೇಶದ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋಯಿತು. ನೂರಾರು ಮೇಲ್ಮನವಿಗಳು ಒಂದೇ ಪ್ರಶ್ನೆಯ ಮೇಲೆ ಗುಡ್ಡೆ ಬಿದ್ದವು. ಅದರ ಹೆಸರು ಭಾರತ ಸರ್ಕಾರ ವಿರುದ್ಧ ರಾಮ್ ಅವತಾರ್. 2014ರ ಡಿಸೆಂಬರ್ 10ರಂದು, ಆಗಿನ ಮುಖ್ಯ ನ್ಯಾಯಮೂರ್ತಿ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಎಚ್.ಎಲ್. ದತ್ತು ಅವರ ನೇತೃತ್ವದ ಪೀಠ ಆ ಮೇಲ್ಮನವಿಗಳನ್ನು ಒಟ್ಟಿಗೆ ವಜಾ ಮಾಡಿತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಆ ಸೌಲಭ್ಯ ಕೊಡಲೇಬೇಕು ಅಂತ ಹೇಳಿತು. ಎಷ್ಟು ಸಮಯದಲ್ಲಿ? ಆರು ವಾರ. ಜೊತೆಗೆ ಉಳಿದ ಹೈಕೋರ್ಟ್‌ಗಳು, ನ್ಯಾಯಮಂಡಳಿಗಳು ಇದನ್ನು ಗಮನದಲ್ಲಿಟ್ಟುಕೊಂಡು ಬೇರೆ ಪಿಂಚಣಿದಾರರಿಗೂ ಪರಿಹಾರ ಕೊಡಲಿ ಅಂದಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. 2001ರಲ್ಲಿ ಪತ್ರ, 2014ರಲ್ಲಿ ತೀರ್ಪು. ಹದಿಮೂರು ವರ್ಷ. 1996ರಲ್ಲಿ ಐವತ್ತು ವರ್ಷ ಆಗಿದ್ದ ಸುಬೇದಾರರಿಗೆ 2014ಕ್ಕೆ ಅರವತ್ತೆಂಟು. ನ್ಯಾಯಮಂಡಳಿಯಲ್ಲಿ ಗೆದ್ದವರ ಆದೇಶದ ಪ್ರತಿ ಟ್ರಂಕ್‌ನಲ್ಲಿತ್ತು. ಹಣ ಮಾತ್ರ ದೆಹಲಿಯಲ್ಲೇ ಇತ್ತು.

ಕಾದಿದ್ದಕ್ಕೆ ಬಾಕಿ ಒಟ್ಟಿಗೆ ಬರುತ್ತಲ್ಲ, ನಷ್ಟ ಏನು ಅಂತ ಕೇಳುವವರಿದ್ದಾರೆ. ಅವರು ತರ್ಸೇಮ್ ಸಿಂಗ್ ಕೇಸನ್ನು ಓದಬೇಕು. ತರ್ಸೇಮ್ ಸಿಂಗ್ ಅವರನ್ನು ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಕಳಿಸಿದ್ದು 1983ರ ನವೆಂಬರ್‌ನಲ್ಲಿ. ಅವರು ಹೈಕೋರ್ಟ್‌ಗೆ ಹೋದದ್ದು 1999ರಲ್ಲಿ. 2000ದಲ್ಲಿ ಗೆದ್ದರು. ಬಾಕಿ ಎಲ್ಲಿಂದ ಕೊಡಬೇಕು ಅನ್ನುವ ಜಗಳ ಮುಂದುವರಿಯಿತು. 2006ರಲ್ಲಿ ವಿಭಾಗೀಯ ಪೀಠ ಹಕ್ಕು ಹುಟ್ಟಿದ ದಿನದಿಂದಲೇ ಕೊಡಿ ಅಂದಿತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಹೋಯಿತು. 2008ರ ಆಗಸ್ಟ್‌ನಲ್ಲಿ ತೀರ್ಪು. ಪೀಠದಲ್ಲಿದ್ದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಮತ್ತು ಎಲ್.ಎಸ್. ಪಂಟಾ. ಪಿಂಚಣಿ ಕೊಡದಿರುವುದು ಪ್ರತಿ ತಿಂಗಳೂ ಮರುಕಳಿಸುವ ಅನ್ಯಾಯ, ಹಾಗಾಗಿ ತಡವಾಗಿ ಬಂದ ಮಾತ್ರಕ್ಕೆ ಹಕ್ಕು ಸಾಯಲ್ಲ ಅನ್ನುವ ತತ್ವವನ್ನು ಅವರು ಎತ್ತಿಹಿಡಿದರು. ಇದು ಸೈನಿಕರಿಗೆ ದೊಡ್ಡ ಆಸರೆ. ಆದರೆ ಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸೀಮಿತ ಮಾಡಿದರು.

ಲೆಕ್ಕ ಹಾಕಿ. 1983ರಿಂದ 1999. ಅದರಲ್ಲಿ ಮೂರು ವರ್ಷ ಸಿಕ್ಕಿತು. ಹನ್ನೆರಡು ವರ್ಷಕ್ಕೂ ಹೆಚ್ಚಿನ ಪಿಂಚಣಿ ಹೋಯಿತು. ಕಾನೂನಿನ ದೃಷ್ಟಿಯಿಂದ ಆ ತರ್ಕ ಸರಿ ಇರಬಹುದು, ಹಳೆಯ ಬಾಕಿಗೆಲ್ಲ ಒಂದು ಮಿತಿ ಬೇಕು. ಆದರೆ ತನ್ನ ಹಕ್ಕು ಏನು ಅಂತಲೇ ಗೊತ್ತಿಲ್ಲದೆ ಊರಲ್ಲಿ ಹೊಲ ಉಳುತ್ತಾ ಕೂತ ಮಾಜಿ ಸೈನಿಕನ ಕಡೆಯಿಂದ ನೋಡಿ. ಅವನ ಅಜ್ಞಾನ ಖಜಾನೆಗೆ ಲಾಭ. ಅವನು ತಡ ಮಾಡಿದರೆ ಅವನ ಹಣ ಕಟ್. ಸರ್ಕಾರ ತಡ ಮಾಡಿದರೆ? ಹೆಚ್ಚೆಂದರೆ ಬಡ್ಡಿ. ಅದೂ ಅಧಿಕಾರಿಯ ಜೇಬಿಂದ ಅಲ್ಲ, ನಿಮ್ಮ ನಮ್ಮ ತೆರಿಗೆಯಿಂದ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೆದ್ದ ಮೇಲೆ ಫೈಲು ಎಲ್ಲೆಲ್ಲಿ ಓಡಾಡುತ್ತೆ?

ನ್ಯಾಯಮಂಡಳಿ ಆದೇಶ ಕೊಡುತ್ತೆ. ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ತಿಂಗಳ ಗಡುವು, ತಪ್ಪಿದರೆ ಬಡ್ಡಿ. ಆದೇಶದ ಪ್ರತಿ ಸೈನಿಕನ ರೆಕಾರ್ಡ್ ಆಫೀಸ್‌ಗೆ ಹೋಗುತ್ತೆ. ಸಿಗ್ನಲ್ಸ್‌ನವರಿಗೆ ಅದು ಜಬಲ್‌ಪುರ, ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು. ಅಲ್ಲಿಂದ ದೆಹಲಿಯ ಸೇನಾ ಮುಖ್ಯಾಲಯ. ಅಲ್ಲಿ ಮೊದಲ ಪ್ರಶ್ನೆ ಹಣ ಯಾವಾಗ ಕೊಡೋಣ ಅನ್ನೋದಲ್ಲ. ಇದರ ವಿರುದ್ಧ ಮೇಲ್ಮನವಿ ಹಾಕೋಣವಾ ಅನ್ನೋದು. ಕಾನೂನು ಅಭಿಪ್ರಾಯ, ರಕ್ಷಣಾ ಸಚಿವಾಲಯದ ಅಭಿಪ್ರಾಯ, ಹಣಕಾಸು ವಿಭಾಗದ ಟಿಪ್ಪಣಿ. ಬೇಡ ಅಂತಾದರೆ ಸರ್ಕಾರದ ಮಂಜೂರಾತಿ ಪತ್ರ ಹೊರಡಬೇಕು. ಅದು ಅಲಹಾಬಾದ್‌ನ, ಈಗಿನ ಪ್ರಯಾಗ್‌ರಾಜ್‌ನ, ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಗೆ ಹೋಗಬೇಕು. ಅಲ್ಲಿ ಪಿಂಚಣಿ ಪಾವತಿ ಆದೇಶ ತಯಾರಾಗಬೇಕು. ಮೊದಲು ಆ ಆದೇಶ ಬ್ಯಾಂಕಿಗೆ ಹೋಗುತ್ತಿತ್ತು. 2021ರಿಂದೀಚೆಗೆ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ, ಹಣ ನೇರವಾಗಿ ಖಾತೆಗೆ ಬರುತ್ತೆ. ಆದರೆ ಗಮನಿಸಿ, ಆನ್‌ಲೈನ್ ಆಗಿರೋದು ಕೊನೆಯ ಹೆಜ್ಜೆ. ಅದರ ಹಿಂದಿನ ಯಾರು ಸಹಿ ಹಾಕಬೇಕು ಅನ್ನುವ ಹೆಜ್ಜೆಗಳನ್ನು ಯಾವ ಸಾಫ್ಟ್‌ವೇರೂ ತೆಗೆದುಹಾಕಿಲ್ಲ.

ಇದರಲ್ಲಿ ಇನ್ನೊಂದು ವಿಚಿತ್ರ ಪದ ಇದೆ. ಷರತ್ತುಬದ್ಧ ಮಂಜೂರಾತಿ. ಅಂದರೆ ಹಣ ಕೊಡ್ತೀವಿ, ಆದರೆ ಮುಂದೆ ಸುಪ್ರೀಂ ಕೋರ್ಟ್‌ನಲ್ಲಿ ಸರ್ಕಾರ ಗೆದ್ದರೆ ವಾಪಸ್ ಕೊಡಬೇಕು. ಗೆದ್ದ ಸೈನಿಕ ಆ ಹಣವನ್ನು ಮಗಳ ಫೀಸಿಗೆ ಕಟ್ಟಬೇಕಾ, ಇಲ್ಲಾ ಬ್ಯಾಂಕಲ್ಲಿ ಹಾಗೇ ಇಟ್ಟು ಕಾವಲು ಕಾಯಬೇಕಾ?

ಗಡುವು ಮುಗೀತು, ಹಣ ಬರಲಿಲ್ಲ. ಆಗ ಸೈನಿಕ ಏನು ಮಾಡಬೇಕು? ಮತ್ತೆ ಅದೇ ನ್ಯಾಯಮಂಡಳಿಗೆ ಹೋಗಿ, ನಿಮ್ಮ ಆದೇಶವನ್ನು ಜಾರಿ ಮಾಡಿಸಿ ಅಂತ ಇನ್ನೊಂದು ಅರ್ಜಿ ಹಾಕಬೇಕು. ಮತ್ತೆ ವಕೀಲರು, ಮತ್ತೆ ತಾರೀಕು. ಈ ನ್ಯಾಯಮಂಡಳಿಗೆ ಹೈಕೋರ್ಟ್‌ಗೆ ಇರುವಂಥ ಸ್ಪಷ್ಟವಾದ ಸಿವಿಲ್ ನ್ಯಾಯಾಂಗ ನಿಂದನೆಯ ಅಧಿಕಾರವನ್ನು 2007ರ ಕಾಯ್ದೆ ಬರೆದುಕೊಡಲಿಲ್ಲ. ಆದೇಶ ಪಾಲಿಸದ ಅಧಿಕಾರಿಯನ್ನು ಕರೆಸಿ, ಯಾಕಪ್ಪಾ ಪಾಲಿಸಲಿಲ್ಲ, ಜೈಲಿಗೆ ಕಳಿಸಲಾ ಅಂತ ಹೈಕೋರ್ಟ್ ಕೇಳುವ ಹಾಗೆ ಇದು ಕೇಳೋಕಾಗಲ್ಲ. ಹುಲಿ ತಂದು ಕೂರಿಸಿದರು, ಹಲ್ಲು ಕೊಡೋದು ಮರೆತರು.

2023ರಲ್ಲಿ ಚಂಡೀಗಢದಲ್ಲಿ ನಡೆದದ್ದು ನೆನಪಿದೆಯಾ? ಅಲ್ಲಿನ ಪೀಠದ ಒಬ್ಬ ನ್ಯಾಯಾಂಗ ಸದಸ್ಯರನ್ನು ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾಗೆ ವರ್ಗಾವಣೆ ಮಾಡಲಾಯಿತು. ಆದೇಶ ಜಾರಿ ಮಾಡದ ಅಧಿಕಾರಿಗಳ ಮೇಲೆ ಬಿಗಿಯಾಗಿದ್ದಕ್ಕೇ ಈ ವರ್ಗಾವಣೆ ಅಂತ ಅಲ್ಲಿನ ವಕೀಲರ ಸಂಘ ಆರೋಪ ಮಾಡಿತು, ಕೆಲಸ ನಿಲ್ಲಿಸಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ವರ್ಗಾವಣೆಯಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆರೋಪ ಸರಿಯೋ ತಪ್ಪೋ ಅನ್ನೋದನ್ನು ನಾನು ಇಲ್ಲಿ ತೀರ್ಮಾನ ಮಾಡಲ್ಲ. ನನ್ನ ಗಮನ ಇರೋದು ಜಗಳದ ವಿಷಯದ ಮೇಲೆ. ಸೈನಿಕ ಗೆಲ್ಲಬೇಕಾ ಸೋಲಬೇಕಾ ಅಂತ ಜಗಳ ಆಗಲಿಲ್ಲ. ಗೆದ್ದವನಿಗೆ ಹಣ ಕೊಡಿಸೋದು ಹೇಗೆ ಅಂತ ಆಯಿತು.

ಅದೇ ವರ್ಷ ಮಾರ್ಚ್‌ನಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ನ್ಯಾಯಮಂಡಳಿಯ ಆದೇಶಗಳ ವಿರುದ್ಧ ಹೈಕೋರ್ಟ್‌ಗೆ ಹೋಗುವಂತಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ಅದನ್ನು ಬದಲಿಸಿ ಹೈಕೋರ್ಟ್ ಬಾಗಿಲು ಮತ್ತೆ ತೆರೆಯಿತು. ಸೋತ ಸೈನಿಕನಿಗೆ ಇದು ವರದಾನ, ದೆಹಲಿವರೆಗೆ ಓಡುವುದು ತಪ್ಪಿತು. ಆದರೆ ಬಾಗಿಲು ತೆರೆದರೆ ಇಬ್ಬರೂ ಒಳಗೆ ಬರಬಹುದಲ್ಲ? ಸರ್ಕಾರವೂ ಬಂತು. ಗೆದ್ದ ಸೈನಿಕರನ್ನು ಹೈಕೋರ್ಟ್‌ಗಳಿಗೆ ಎಳೆಯಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಇಂಥದ್ದೇ ಅರ್ಜಿಯೊಂದನ್ನು ವಜಾ ಮಾಡಿ, ಅಂಗವೈಕಲ್ಯ ಪಿಂಚಣಿ ಔದಾರ್ಯ ಅಲ್ಲ, ಸೈನಿಕರ ತ್ಯಾಗಕ್ಕೆ ಸಲ್ಲಬೇಕಾದ ಮನ್ನಣೆ ಅನ್ನುವ ಅರ್ಥದ ಮಾತು ಹೇಳಿತು. ಧರಮ್‌ವೀರ್ ಸಿಂಗ್ ತೀರ್ಪು ಬಂದು ಹನ್ನೆರಡು ವರ್ಷ ಆಗುತ್ತಾ ಬಂದಾಗಲೂ ಇದನ್ನು ಮತ್ತೆ ಹೇಳಬೇಕಾಯಿತು!

ಸರ್ಕಾರಕ್ಕೆ ಬುದ್ಧಿ ಹೇಳಿದವರು ಇರಲಿಲ್ವಾ? ಇದ್ದರು. 2015ರಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಒಂದು ತಜ್ಞರ ಸಮಿತಿ ಮಾಡಿದರು. ಪರಿಕ್ಕರ್ ಐಐಟಿಯಲ್ಲಿ ಓದಿದ ಎಂಜಿನಿಯರ್. ಸಮಿತಿಯಲ್ಲಿ ನಿವೃತ್ತ ಜನರಲ್‌ಗಳಿದ್ದರು, ಸೈನಿಕರ ಕೇಸುಗಳನ್ನೇ ನಡೆಸುವ ವಕೀಲ ಮೇಜರ್ ನವದೀಪ್ ಸಿಂಗ್ ಇದ್ದರು, ಕಾರ್ಗಿಲ್‌ನಲ್ಲಿ ಗಾಯಗೊಂಡು ಕಾಲು ಕಳೆದುಕೊಂಡು ಮ್ಯಾರಥಾನ್ ಓಡಿದ ಮೇಜರ್ ಡಿ.ಪಿ. ಸಿಂಗ್ ಇದ್ದರು. ಆ ವರ್ಷದ ಕೊನೆಗೇ ವರದಿ ಕೊಟ್ಟರು. ಅಂಗವೈಕಲ್ಯ ಪಿಂಚಣಿಯ ಇತ್ಯರ್ಥವಾದ ಪ್ರಶ್ನೆಗಳ ಮೇಲೆ ಸುಮ್ಮನೆ ಮೇಲ್ಮನವಿ ಹಾಕುವುದನ್ನು ನಿಲ್ಲಿಸಿ ಅನ್ನುವುದು ಅದರ ಮುಖ್ಯ ಧ್ವನಿ. ವರದಿ ಬಂತು, ಹೊಗಳಿಕೆ ಬಂತು. ಮೇಲ್ಮನವಿಗಳು ನಿಲ್ಲಲಿಲ್ಲ.

ಯಾಕೆ ನಿಲ್ಲಲ್ಲ? ನಾನು ಕಲಿತದ್ದೂ ಎಂಜಿನಿಯರಿಂಗ್. ಅದರಲ್ಲಿ ಒಂದು ಪಾಠ ಇದೆ. ಬಕೆಟ್‌ಗೆ ಹಾಕುವ ಕಾಯಿಲ್ ಮತ್ತು ಗೀಸರ್, ಎರಡೂ ನೀರು ಕಾಯಿಸುತ್ತವೆ. ಗೀಸರ್‌ನಲ್ಲಿ ಥರ್ಮೋಸ್ಟಾಟ್ ಇದೆ. ನೀರು ಎಷ್ಟು ಬಿಸಿಯಾಯ್ತು ಅನ್ನೋ ಸುದ್ದಿ ಅದಕ್ಕೆ ತಲುಪುತ್ತೆ, ತಾನೇ ಆಫ್ ಆಗುತ್ತೆ. ಕಾಯಿಲ್‌ಗೆ ಆ ಸುದ್ದಿ ತಲುಪಲ್ಲ. ನೀರು ಕುದಿದು ಬತ್ತಿಹೋದರೂ ಅದು ಉರೀತಾನೇ ಇರುತ್ತೆ. ನಮ್ಮ ಪಿಂಚಣಿ ವ್ಯವಸ್ಥೆ ಆ ಕಾಯಿಲ್ ಥರ. ಮೇಲ್ಮನವಿ ಹಾಕೋಣ ಅಂತ ಫೈಲಿನ ಮೇಲೆ ಬರೆದ ಅಧಿಕಾರಿಗೆ, ಆ ಮೇಲ್ಮನವಿ ವಜಾ ಆದಾಗ ಏನೂ ಆಗಲ್ಲ. ಅಷ್ಟೊತ್ತಿಗೆ ಅವರು ಬೇರೆ ಕಡೆ ವರ್ಗವಾಗಿರ್ತಾರೆ. ಆದರೆ ಹಣ ಕೊಡೋಣ ಅಂತ ಬರೆದರೆ? ನಾಳೆ ಆಡಿಟ್‌ನವರು ಬಂದು ಯಾಕೆ ಕೊಟ್ಟಿರಿ ಅಂತ ಕೇಳಬಹುದು. ಕೊಡದಿದ್ದರೆ ಯಾರೂ ಕೇಳಲ್ಲ. ಹೀಗಿರುವಾಗ ಯಾರು ತಾನೇ ಕೊಡಿ ಅಂತ ಬರೀತಾರೆ? ಇಲ್ಲಿ ಒಬ್ಬ ಖಳನಾಯಕನನ್ನು ಹುಡುಕಿದರೆ ಸಿಗಲ್ಲ. ತಡ ಮಾಡಿದವರಿಗೆ ನೋವು ತಟ್ಟದ ಹಾಗೆ ವ್ಯವಸ್ಥೆಯನ್ನು ಕಟ್ಟಿದ್ದೇವೆ. ದೋಷ ಇರೋದು ಡಿಸೈನ್‌ನಲ್ಲಿ.

ಸರ್ಕಾರದ ಮಾತನ್ನೂ ಕೇಳಬೇಕು. ಜೀವನಶೈಲಿಯ ಕಾಯಿಲೆಗಳಿಗೂ ಅಂಗವೈಕಲ್ಯ ಪಿಂಚಣಿ ಕೇಳ್ತಾರೆ, ಬಿಪಿ, ಶುಗರ್ ಯಾರಿಗೆ ಬರಲ್ಲ, ಕೆಲವರು ದುರುಪಯೋಗ ಮಾಡ್ತಾರೆ, ಅದರಿಂದ ನಿಜವಾದ ಗಾಯಾಳುಗಳಿಗೆ ಅನ್ಯಾಯ ಅನ್ನೋದು ಅವರ ವಾದ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ತಂದದ್ದು ಇದೇ ಕಾರಣಕ್ಕೆ. ಆ ವಾದವನ್ನು ನಾನು ತಳ್ಳಿಹಾಕಲ್ಲ. ದುರುಪಯೋಗ ಇದ್ದರೆ ಮೆಡಿಕಲ್ ಬೋರ್ಡ್‌ನಲ್ಲೇ ಹಿಡಿಯಿರಿ, ಕಾರಣ ಬರೆಯಿರಿ, ಕೋರ್ಟ್‌ನಲ್ಲಿ ವಾದ ಮಾಡಿ. ಅದಕ್ಕೆಲ್ಲ ಅವಕಾಶ ಇದೆ. ಆದರೆ ವಾದ ಮಾಡಿ ಸೋತ ಮೇಲೆ, ಆದೇಶ ಅಂತಿಮ ಆದ ಮೇಲೆ, ಹಣ ತಡೆಹಿಡಿಯುವುದಕ್ಕೆ ಯಾವ ವಾದ ಉಳಿದಿದೆ? ಮೇಲ್ಮನವಿ ಸರ್ಕಾರದ ಹಕ್ಕು. ಸೋತ ಮೇಲಿನ ಮೌನ ಹಕ್ಕಲ್ಲ.

ನಮ್ಮ ಕರ್ನಾಟಕಕ್ಕೆ ಇದು ದೂರದ ಕಥೆಯೇನೂ ಅಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಕೊಡಗಿನಲ್ಲಿ, ಬೆಳಗಾವಿ, ಧಾರವಾಡದ ಹಳ್ಳಿಗಳಲ್ಲಿ ಮಾಜಿ ಸೈನಿಕರ ಮನೆಗಳು ಸಾಲುಸಾಲಾಗಿವೆ. 2016ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದ ಕೆಳಗೆ ಆರು ದಿನ ಬದುಕಿದ್ದರು. ಇಡೀ ಕರ್ನಾಟಕ ದೇವರ ಮುಂದೆ ದೀಪ ಹಚ್ಚಿತ್ತು. ಫೆಬ್ರವರಿ 11ರಂದು ಅವರು ಹೋದಾಗ ಇಡೀ ನಾಡು ಅತ್ತಿತು. ಆ ಕಣ್ಣೀರು ನಿಜವಾದದ್ದು. ಅದೇ ಸಿಯಾಚಿನ್‌ನಿಂದ ಕಾಲ್ಬೆರಳು ಕಳೆದುಕೊಂಡು, ಶ್ವಾಸಕೋಶ ಕೆಡಿಸಿಕೊಂಡು ಜೀವಂತ ಇಳಿದು ಬರುವವರೂ ಇದ್ದಾರಲ್ಲ? ಅವರಿಗೆ ಬೇಕಾಗಿರೋದು ದೀಪ ಅಲ್ಲ. ಆದೇಶದಲ್ಲಿ ಬರೆದ ಹಣ, ಆದೇಶದಲ್ಲಿ ಬರೆದ ದಿನಾಂಕಕ್ಕೆ.

ನಿಮ್ಮ ಮನೆಯಲ್ಲೋ ಊರಲ್ಲೋ ಅಂಥವರಿದ್ದರೆ ನಾಲ್ಕು ಮಾತು ಹೇಳಿ. ಒಂದು, ತಡ ಮಾಡಬೇಡಿ. ಮೂರು ವರ್ಷದ ಮಿತಿ ನೆನಪಿರಲಿ, ಒಂದೊಂದು ತಿಂಗಳೂ ನಿಮ್ಮ ಜೇಬಿಂದ ಹೋಗುತ್ತೆ. ಎರಡು, ಗೆದ್ದರೆ ಆದೇಶದ ದೃಢೀಕೃತ ಪ್ರತಿಯನ್ನು ರೆಕಾರ್ಡ್ ಆಫೀಸ್‌ಗೆ ನೀವೇ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೂರು, ಗಡುವು ಮುಗಿದ ಮರುದಿನವೇ ಜಾರಿ ಅರ್ಜಿಯ ಬಗ್ಗೆ ವಕೀಲರನ್ನು ಕೇಳಿ, ಬರುತ್ತೆ ಬಿಡು ಅಂತ ವರ್ಷ ಕಳೆಯಬೇಡಿ. ನಾಲ್ಕು, ಹಣ ಬಂದಾಗ ಶೇಕಡಾವಾರು ಏರಿಸಿದ್ದಾರಾ, ಬಾಕಿ ಯಾವ ತಾರೀಕಿನಿಂದ ಹಾಕಿದ್ದಾರೆ, ಬಡ್ಡಿ ಸೇರಿದೆಯಾ ಅಂತ ಲೆಕ್ಕ ನೋಡಿ. ಗೊತ್ತಾಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿಮ್ಮದೇ ಹಣ.

ಇನ್ನು ಸರ್ಕಾರಕ್ಕೆ. ದೊಡ್ಡ ಕಾಯ್ದೆ, ದೊಡ್ಡ ಆಯೋಗ ಏನೂ ಬೇಡ. ರಕ್ಷಣಾ ಸಚಿವಾಲಯ ತನ್ನ ವೆಬ್‌ಸೈಟ್‌ನಲ್ಲಿ ಒಂದು ಪಟ್ಟಿ ಹಾಕಲಿ. ಹೆಸರು ಬೇಡ, ಕೇಸ್ ನಂಬರ್ ಸಾಕು. ಅದರ ಪಕ್ಕ ಎರಡು ಕಾಲಂ. ಒಂದರಲ್ಲಿ ಆದೇಶ ಅಂತಿಮವಾದ ದಿನಾಂಕ, ಇನ್ನೊಂದರಲ್ಲಿ ಹಣ ಖಾತೆಗೆ ಬಿದ್ದ ದಿನಾಂಕ. ಗಡುವು ಮೀರಿದ ಕಡೆ ಬಡ್ಡಿ ಎಷ್ಟು ಕಟ್ಟಿದೆವು, ಫೈಲು ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಅನ್ನೋದನ್ನೂ ಬರೆಯಲಿ. ಧರಮ್‌ವೀರ್ ಸಿಂಗ್ 1994ರಲ್ಲಿ ಮನೆಗೆ ಬಂದರು, 2013ರಲ್ಲಿ ಗೆದ್ದರು. ಅಂಥ ಇನ್ನೊಂದು ಹತ್ತೊಂಬತ್ತು ವರ್ಷ ಯಾವ ಸೈನಿಕನ ಪಾಲಿಗೂ ಬರಬಾರದು ಅಂತಿದ್ದರೆ, ಆ ಎರಡು ಕಾಲಂ ತುಂಬಿಸೋಕೆ ಏನು ಕಷ್ಟ? ರಕ್ಷಣಾ ಸಚಿವರು ಉತ್ತರ ಕೊಡಲಿ.